ಎಲ್ಲೆ, ಕುಕ್ಕುಂದೂರು, 84

ಶನಿವಾರ ಬೆಳಿಗ್ಗೆ ಏಳೂವರೆಗೆ ಪರ್ಕಳದ ವಲೇರಿಯನ್ ತಮ್ಮ ಝೆರಾಕ್ಸ್ ಅಂಗಡಿಯ ಷಟರ್ ಎತ್ತಿದರು. ಸುಟ್ಟ ಕಾಗದದ ವಾಸನೆ ಬಂತು. ಮೆಷಿನ್ ಹಾಳಾಯಿತೇ ಎಂದು ಮುಚ್ಚಳ ಎತ್ತಿ ನೋಡಿದರು. ಮೆಷಿನ್ ಸರಿಯಾಗಿಯೇ ಇತ್ತು. ವಾಸನೆ ಪಕ್ಕದ ಮೆಟ್ಟಿಲ ಕಡೆಯಿಂದ ಬರುತ್ತಿತ್ತು. ಮೆಟ್ಟಿಲಿಗೆ ಹೋಗುವ ಮರದ ಬಾಗಿಲನ್ನು ದೂಡಿದರು. ಒಳಗೆ, ಮೆಟ್ಟಿಲ ಬುಡದಲ್ಲಿ, ಸುಗಂಧಿಯಕ್ಕ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ಎಂಟು ಗಂಟೆಗೆ ಸಬ್ ಇನ್‌ಸ್ಪೆಕ್ಟರ್ ಶಹನಾಝ್ ಬಂದಳು. ಕಟಪಾಡಿಯವಳು. ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಠಾಣೆಯಲ್ಲಿ ಕನ್ನಡ. ಮೂರರಲ್ಲೂ ಜಗಳ ಆಡಬಲ್ಲಳು ಎಂದು ಜೊತೆಯವರು ಹೇಳುತ್ತಿದ್ದರು. ಅವಳ ಹಿಂದೆ ಹೆಡ್ ಕಾನ್‌ಸ್ಟೇಬಲ್ ಅಣ್ಣು. ನಿವೃತ್ತಿಗೆ ಎಂಟು ತಿಂಗಳು ಬಾಕಿ ಇದ್ದ ಅವನಿಗೆ ಮೆಟ್ಟಿಲು ಎಂದರೆ ಆಗದು.

"ತಲೆಯ ಹಿಂದೆ ಪೆಟ್ಟು. ಮೇಲಿನಿಂದ ಬಿದ್ದದ್ದು," ಅಂದ ಅಣ್ಣು.

"ಬಿದ್ದದ್ದೋ, ಬೀಳಿಸಿದ್ದೋ? ಬಿದ್ದವರು ಕಾಗದ ಸುಡುವುದಿಲ್ಲ ಅಣ್ಣು."

ಮೇಲಿನ ಕೋಣೆ 'ಲೈಟ್ ರೈಲು ಬೇಕು' ಸಮಿತಿಯ ಕಚೇರಿ. ಕಾರ್ಕಳದಿಂದ ಕುಕ್ಕುಂದೂರು, ಪರ್ಕಳ, ಮಣಿಪಾಲ, ಉಡುಪಿ, ಕಟಪಾಡಿ ದಾಟಿ ಕಾಪುವಿನವರೆಗೆ ಒಂದು ಲೈಟ್ ರೈಲು ಓಡಬೇಕು ಎಂದು ಆರು ತಿಂಗಳಿಂದ ಮನೆಮನೆ ತಿರುಗಿ ಸಹಿ ಸಂಗ್ರಹಿಸುತ್ತಿದ್ದ ಸಮಿತಿ. ಸೋಮವಾರ ಉಡುಪಿಯಲ್ಲಿ ಅಹವಾಲು ಸಭೆ. ಇಪ್ಪತ್ತು ಸಾವಿರ ಸಹಿ ತಂದರೆ ಸರ್ವೆಗೆ ಶಿಫಾರಸು ಮಾಡುತ್ತೇವೆ ಎಂದು ಜಿಲ್ಲೆಯ ಮೇಲಧಿಕಾರಿಗಳು ಮಾತು ಕೊಟ್ಟಿದ್ದರು. ಸುಗಂಧಿಯಕ್ಕ ಈ ಸಮಿತಿಯ ಅಧ್ಯಕ್ಷೆ.

ಯಾರಿವರು ಎಂದು ಪರ್ಕಳದಲ್ಲಿ ಯಾರೂ ಕೇಳುವುದಿಲ್ಲ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ಹುಟ್ಟಿದ್ದು ಕುಕ್ಕುಂದೂರಿನಲ್ಲಿ. ದಿನಾ ಅಲ್ಲಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದರು. ಹೆಚ್ಚಿನ ದಿನ ನಿಂತುಕೊಂಡೇ. "ನನ್ನ ಆಯುಸ್ಸಿನ ಮೂರು ವರ್ಷ ಬಸ್ಸಿನ ಕಂಬಿ ಹಿಡಿದು ಕಳೆದೆ, ಲೆಕ್ಕ ಹಾಕಿ ನೋಡಿ," ಎಂದು ಸಭೆಗಳಲ್ಲಿ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಮಂಡಿನೋವು ತಾಳಲಾರದೆ ಪರ್ಕಳದಲ್ಲೇ ಬಾಡಿಗೆ ಮನೆ ಹಿಡಿದರು. ಜೊತೆಗಿದ್ದವಳು ಹಳೆಯ ಸಹೋದ್ಯೋಗಿ ಡೈನಾ. ಶುಕ್ರವಾರ ಡೈನಾಳಿಗೆ ರಾತ್ರಿ ಡ್ಯೂಟಿ. ಹಾಗಾಗಿ ಸುಗಂಧಿ ಮನೆಗೆ ಬಾರದ್ದು ಯಾರಿಗೂ ಗೊತ್ತಾಗಲಿಲ್ಲ. ಇಂಥ ಹೆಂಗಸು ಬಾಗಿಲ ಹಿಂದೆ ಒಂದು ರಾತ್ರಿಯಿಡೀ ಬಿದ್ದಿದ್ದರು.

ಕೋಣೆಯ ಮಧ್ಯೆ ಒಂದು ಕಬ್ಬಿಣದ ಬಕೆಟ್, ಅದರ ತುಂಬ ಬೂದಿ. ಪಕ್ಕದಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರಿನ ಖಾಲಿ ಕ್ಯಾನ್. ನೆಲದ ತುಂಬ ಸಹಿಯ ಹಾಳೆಗಳು ಚೆಲ್ಲಾಪಿಲ್ಲಿ. ಗೋಡೆಯ ಬಿಳಿ ಹಲಗೆಯ ಮೇಲೆ ಊರುಗಳ ಹೆಸರು, ಸಭೆಗಳ ತಾರೀಕು. ಎಲ್ಲಕ್ಕಿಂತ ಕೆಳಗೆ, ನೀಲಿ ಶಾಯಿಯಲ್ಲಿ ಒಂದು ಸಾಲು:

ಎಲ್ಲೆ – ಕುಕ್ಕುಂದೂರು – 84

"ಗಡಿ ತಕರಾರು," ಅಂದ ಅಣ್ಣು. "84 ಅಂದ್ರೆ ಸರ್ವೆ ನಂಬರ್ ಇರಬೇಕು."

ಶಹನಾಝ್ ಮೊಬೈಲಿನಲ್ಲಿ ಅದರ ಫೋಟೊ ತೆಗೆದಳು. ಅವಳಿಗೂ ಹಾಗೇ ಅನ್ನಿಸಿತ್ತು.

*

ಒಂಬತ್ತು ಗಂಟೆಗೆ ರಸ್ತೆ ತುಂಬ ಜನ. ಮುಂದೆ ನಿಂತು ಅಳುತ್ತಿದ್ದವನು ಸಮಿತಿಯ ಕಾರ್ಯದರ್ಶಿ ಹರ್ಷಿತ್, ಕುಕ್ಕುಂದೂರಿನವನು. ವಯಸ್ಸು ಮೂವತ್ತೆರಡು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಮುಂದಿನ ಚುನಾವಣೆಗೆ ನಿಲ್ಲುತ್ತಾನೆ ಎಂದು ಊರಲ್ಲಿ ಸುದ್ದಿ. ಅವನೂ ಅದನ್ನು ಅಲ್ಲಗಳೆದವನಲ್ಲ.

"ಬಸ್ಸಿನವರದ್ದೇ ಕೆಲಸ ಮೇಡಂ. ರೈಲು ಬಂದ್ರೆ ಯಾರಿಗೆ ನಷ್ಟ ಹೇಳಿ? ಕಟಪಾಡಿ ಸಭೆಯಲ್ಲಿ ಭೋಜ ಹೇಳಿದ್ದಕ್ಕೆ ವೀಡಿಯೊ ಉಂಟು."

ವೀಡಿಯೊ ಇತ್ತು. ಭೋಜ ಕಾರ್ಕಳ–ಮಣಿಪಾಲ ದಾರಿಯಲ್ಲಿ ಒಂದೇ ಒಂದು ಬಸ್ ಇಟ್ಟುಕೊಂಡ ಮಾಲೀಕ, ತಾನೇ ಡ್ರೈವರ್. ವೀಡಿಯೊದಲ್ಲಿ ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದ: "ನನ್ನ ಬಸ್ಸಿನ ಚಕ್ರ ನಿಲ್ಲಿಸಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ!"

"ನಿನ್ನೆ ಸಂಜೆ ನೀವು ಎಲ್ಲಿದ್ದಿರಿ?"

"ಕಾಪುವಿನಲ್ಲಿ ಮೀಟಿಂಗ್ ಇತ್ತು. ಐದೂವರೆಗೆ ಇಲ್ಲಿಂದ ಹೊರಟೆ. ಕಟಪಾಡಿಯಲ್ಲಿ ಟ್ರಾಫಿಕ್ ಜಾಮ್. ಮುಟ್ಟುವಾಗ ಎಂಟೂಕಾಲು."

ಶಹನಾಝ್ ತಲೆಯಾಡಿಸಿದಳು. ಕಟಪಾಡಿ ಜಂಕ್ಷನ್ನಿನಲ್ಲಿ ಜಾಮ್ ಎಂದರೆ ಈ ಜಿಲ್ಲೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. "ಹಲಗೆಯಲ್ಲಿ ಬರೆದದ್ದು ಎಂತ ಗೊತ್ತುಂಟಾ?"

ಹರ್ಷಿತ್ ಕಣ್ಣೊರೆಸಿಕೊಂಡು ಫೋಟೊ ನೋಡಿದ. "ಎಲ್ಲೆ... ಜಾಗದ ಗಡಿಯ ವಿಷಯ ಮೇಡಂ. ಲೈನ್ ಕುಕ್ಕುಂದೂರಿನಲ್ಲಿ ಕೆಲವರ ಜಾಗಕ್ಕೆ ತಾಗ್ತದೆ. ಅವರದ್ದೂ ವಿರೋಧ ಉಂಟು."

ಅಷ್ಟರಲ್ಲಿ ಎದುರಿನ ಹೋಟೆಲಿನವರು ಬಂದು, ಶುಕ್ರವಾರ ಸಂಜೆ ಆರೂವರೆ ಸುಮಾರಿಗೆ ಭೋಜ ಈ ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ಕಂಡೆ ಎಂದರು. ಆ ಮಾತು ಜನರ ಕಿವಿಗೆ ಬಿದ್ದದ್ದೇ ತಡ, ಸ್ಟಾಪಿನಲ್ಲಿ ನಿಂತಿದ್ದ ಭೋಜನ ಬಸ್ಸಿಗೆ ಕಲ್ಲು ಬಿತ್ತು. ಎರಡು ಕಿಟಕಿ ಪುಡಿಯಾದವು. ಶಹನಾಝ್ ಲಾಠಿ ಹಿಡಿದು ನಡುವೆ ನುಗ್ಗಿದಳು. ಭೋಜನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಸುಗಂಧಿಯಕ್ಕನ ಹೆಸರಿನಲ್ಲಿ ಕೂಗುತ್ತ ಕಲ್ಲೆಸೆದವರಲ್ಲಿ ಅರ್ಧ ಜನ ದಿನಾ ಅದೇ ಬಸ್ಸಿನಲ್ಲಿ ಹೋಗುವವರು. ನಾಚಿಕೆ ಎಂಬುದು ಆ ಹೊತ್ತು ಪರ್ಕಳದಲ್ಲಿ ಯಾರಲ್ಲೂ ಇರಲಿಲ್ಲ.

*

"ಬಂಧಿಸಿ," ಅಂದರು ಡಿವೈಎಸ್ಪಿ ಸಾಹೇಬರು ಫೋನಿನಲ್ಲಿ. "ನಾಳೆ ಹನ್ನೆರಡರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ. ಸೋಮವಾರ ಸಭೆ ಉಂಟು, ಗಲಾಟೆ ಆಗಬಾರದು. ಬೆದರಿಕೆ ಹಾಕಿದ್ದಾನೆ, ಮೆಟ್ಟಿಲು ಹತ್ತಿದ್ದಾನೆ. ಇನ್ನೆಂತ ಬೇಕು ನಿಮಗೆ?"

ಠಾಣೆಯ ಬೆಂಚಿನ ಮೇಲೆ ಭೋಜ ಹಣೆಗೆ ಬಟ್ಟೆ ಒತ್ತಿ ಹಿಡಿದು ಕೂತಿದ್ದ.

"ಎಂತಕ್ಕೆ ಹೋದದ್ದು ಮೇಲೆ?"

"ಸಹಿ ಹಾಕ್ಲಿಕ್ಕೆ."

"ಯಾವುದಕ್ಕೆ?"

"ರೈಲಿಗೆ."

ಅಣ್ಣು ನಕ್ಕೇಬಿಟ್ಟ. "ಬಸ್ಸಿನವ ರೈಲಿಗೆ ಸಹಿ ಹಾಕುವುದಾ! ಸ್ವಲ್ಪ ನಂಬುವ ಹಾಗೆ ಹೇಳು ಮಾರಾಯ."

ಭೋಜ ನಗಲಿಲ್ಲ. "ಮೇಡಂ, ನಾನು ಆ ಲೈನಿನಲ್ಲಿ ಮೊದಲು ಕ್ಲೀನರ್, ಮತ್ತೆ ಕಂಡಕ್ಟರ್, ಈಗ ಓನರ್. ಸುಗಂಧಿಯಕ್ಕ ಬೆಳಿಗ್ಗೆ ಆರೂಕಾಲಿಗೆ ಹತ್ತುತ್ತಾ ಇದ್ರು. ಅಷ್ಟು ವರ್ಷದಲ್ಲಿ ಅವರಿಗೆ ಸರಿಯಾಗಿ ಒಂದು ಸೀಟು ಕೊಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಕಟಪಾಡಿಯಲ್ಲಿ ನಾನು ಬೈದೆ ಅಲ್ವಾ, ಮರುದಿನ ನನ್ನ ಮನೆಗೇ ಬಂದ್ರು. 'ಭೋಜ, ನಿನ್ನ ಬಸ್ಸಿನಲ್ಲಿ ಎಷ್ಟು ಜನ ಕೂತ್ಕೊಳ್ತಾರೆ, ಎಷ್ಟು ಜನ ನಿಲ್ತಾರೆ?' ಅಂತ ಕೇಳಿದ್ರು. ನಲವತ್ತು ಜನ ಕೂತ್ಕೊಳ್ತಾರೆ, ಬೆಳಿಗ್ಗೆ ಎಪ್ಪತ್ತು ಜನ ನಿಲ್ತಾರೆ ಅಂದೆ. 'ನಾನು ಕೇಳುವುದು ಆ ನಿಂತವರಿಗೆ. ಕೂತವರನ್ನು ನೀನೇ ಇಟ್ಕೋ' ಅಂದ್ರು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ನನಗೆ ನಿದ್ದೆ ಬರ್ಲಿಲ್ಲ. ಶುಕ್ರವಾರ ಹೋಗಿ ಸಹಿ ಹಾಕಿದೆ. ಹೊಸ ಕಾಗದ ತೆಗೆದು ಮೊದಲ ಹೆಸರು ನನ್ನದೇ ಬರೆಸಿದ್ರು. ಕುಕ್ಕುಂದೂರಿನವ ಅಲ್ವಾ ನಾನು."

"ಹೊಸ ಕಾಗದ ಎಂತಕ್ಕೆ? ಸಮಿತಿಯ ಪುಸ್ತಕದ ಪ್ರಕಾರ ಕುಕ್ಕುಂದೂರಿನ ಸಹಿ ಎಲ್ಲ ಮೊದಲೇ ಆಗಿತ್ತಲ್ಲ?"

"ಅದು ನನಗೆ ಗೊತ್ತಿಲ್ಲ."

ಕಚೇರಿಯಲ್ಲಿ ಸಿಕ್ಕಿದ ಹಾಳೆಗಳನ್ನೆಲ್ಲ ಅಣ್ಣು ಎರಡೆರಡು ಸಲ ತಿರುವಿ ಹಾಕಿದ. ಭೋಜನ ಹೆಸರು ಎಲ್ಲೂ ಇರಲಿಲ್ಲ. ಅವನು ಹೇಳುವುದು ಸುಳ್ಳೆಂದು ಸಾಹೇಬರಿಗೆ ಖಾತ್ರಿಯಾಯಿತು. ಶಹನಾಝ್‌ಗೆ ಆಗಲಿಲ್ಲ. ಸುಳ್ಳು ಹೇಳುವವನು ಇದಕ್ಕಿಂತ ಒಳ್ಳೆಯ ಸುಳ್ಳು ಹುಡುಕುತ್ತಾನೆ. ಅವಳ ಕೈಯಲ್ಲಿ ಇದ್ದದ್ದು ಇಪ್ಪತ್ತನಾಲ್ಕು ಗಂಟೆ. ಅದರಲ್ಲಿ ಒಂದು ಆಗಲೇ ಕಳೆದಿತ್ತು.

*

ಕುಕ್ಕುಂದೂರಿನಲ್ಲಿ ಸರ್ವೆ ನಂಬರ್ 84 ಕಾರ್ಲ್ ಎಂಬವರದ್ದು. ಕುವೈತಿನಲ್ಲಿ ಕ್ರೇನ್ ಓಡಿಸಿ ಬಂದವರು. ಎತ್ತರದ ಕಂಪೌಂಡು, ಗೇಟಿನೊಳಗೆ ಎರಡು ನಾಯಿ. ಪೊಲೀಸ್ ಜೀಪು ಕಂಡು ನಾಯಿಗಳಿಗಿಂತ ಅವರೇ ಜೋರಾಗಿ ಕೂಗಿದರು.

"ಗಡಿ ತಕರಾರಾ? ಯಾರ ಜೊತೆ? ನನಗೆ ಯಾರ ಜೊತೆಯೂ ಇಲ್ಲ."

"ರೈಲು ನಿಮ್ಮ ಜಾಗಕ್ಕೆ ತಾಗ್ತದೆ, ನಿಮ್ಮದು ವಿರೋಧ ಉಂಟು ಅಂತ..."

"ಯಾರು ಹೇಳಿದ್ದು? ತಾಗಲಿ ಅಂತ ಕಾಯ್ತಾ ಇದ್ದೇನೆ ನಾನು! ಸ್ಟೇಷನ್ ಇದೇ ಗೇಟಿನ ಎದುರು ಆಗಲಿ. ನನ್ನ ಮಗಳು ಫಿಯೋನಾ ದಿನಾ ಮಣಿಪಾಲಕ್ಕೆ ಹೋಗುವುದು, ಬರುವಾಗ ಕಾಲು ಬಾತಿರ್ತದೆ. ಸಹಿ ಹಾಕ್ಬೇಕು ಅಂತ ಇದ್ದೆ. ಯಾರೂ ಬರ್ಲಿಲ್ಲ."

ಶಹನಾಝ್ ಜೀಪಿನ ಕಡೆ ತಿರುಗಿದ್ದವಳು ನಿಂತಳು. "ಯಾರೂ ಬರ್ಲಿಲ್ಲ ಅಂದ್ರೆ?"

"ಸಹಿ ತೆಗೆಯಲಿಕ್ಕೆ ಈ ಕಡೆ ಒಬ್ಬರೂ ಬರ್ಲಿಲ್ಲ. ಕಾರ್ಕಳ ಪೇಟೆಗೆ ಬಂದಿದ್ರಂತೆ. ಇಲ್ಲಿ ಬೇಕಾದ್ರೆ ಯಾವ ಮನೆಯಲ್ಲೂ ಕೇಳಿ."

ಅವಳು ಹನ್ನೊಂದು ಮನೆಯಲ್ಲಿ ಕೇಳಿದಳು. ಹನ್ನೊಂದು ಕಡೆಯೂ ಅದೇ ಉತ್ತರ. ಒಬ್ಬ ಅಜ್ಜಿಯಂತೂ, "ರೈಲು ಬರುವುದು ನಿಜವಾ ಮಗಾ?" ಎಂದು ಕೈ ಹಿಡಿದುಕೊಂಡರು. ಸಮಿತಿಯ ಪುಸ್ತಕದಲ್ಲಿ ಮಾತ್ರ ಕುಕ್ಕುಂದೂರಿನ ಹೆಸರಿನ ಮುಂದೆ ಸಾವಿರದ ಒಂಬೈನೂರು ಸಹಿ ಎಂದಿತ್ತು.

*

ಸಂಜೆ ವಲೇರಿಯನ್ ಅಂಗಡಿಯಲ್ಲಿ ದೀಪ ಹಾಕದೆ ಕೂತಿದ್ದರು.

"ಶುಕ್ರವಾರ ಆರಕ್ಕೇ ಬಾಗಿಲು ಹಾಕಿ ಇಗರ್ಜಿಗೆ ಪ್ರಾರ್ಥನೆಗೆ ಹೋದೆ ಮೇಡಂ. ಇದ್ದಿದ್ರೆ ಬಿದ್ದ ಶಬ್ದ ಕೇಳ್ತಿತ್ತು."

"ಸಹಿಯ ಹಾಳೆಗೆ ನೀವೇ ಝೆರಾಕ್ಸ್ ಮಾಡಿದ್ದಾ?"

"ಎಲ್ಲ ಕಟ್ಟಿಗೂ ಮಾಡಿ ಕೊಟ್ಟಿದ್ದೇನೆ. ಉಡುಪಿ, ಮಣಿಪಾಲ, ಪರ್ಕಳ, ಕಟಪಾಡಿ, ಕಾಪು, ಕಾರ್ಕಳ."

"ಕುಕ್ಕುಂದೂರು?"

"ಅದೊಂದು ಇಲ್ಲ. ಹರ್ಷಿತ್ ತಾನೇ ಮಾಡಿಸ್ತೇನೆ ಅಂದ. ಸುಗಂಧಿ ಗುರುವಾರ ಬಂದು ಆ ಕಟ್ಟು ಎಲ್ಲಿ ಅಂತ ಕೇಳಿದ್ಲು. ಮೇಲೆಯೇ ಉಂಟು, ಕಪಾಟಿನಲ್ಲಿ, ಅಂದೆ."

ಶಹನಾಝ್ ಮೇಲೆ ಹೋಗಿ ನೆಲದ ಹಾಳೆಗಳನ್ನು ಊರಿನ ಪ್ರಕಾರ ಜೋಡಿಸಿದಳು. ಅಣ್ಣು ಮಂಡಿ ಉಜ್ಜಿಕೊಳ್ಳುತ್ತ ಎಣಿಸಿದ. ಆರು ಕಟ್ಟು ಪೂರ್ತಿ ಇದ್ದವು. ಒಂದು ಹಾಳೆಯ ಅಂಚೂ ಸುಟ್ಟಿರಲಿಲ್ಲ. ಬೆಂಕಿಗೆ ಹೋದದ್ದು ಕುಕ್ಕುಂದೂರು ಒಂದೇ.

"ರೈಲು ಬೇಡದವನು ಬಂದಿದ್ರೆ ಎಂತ ಸುಡ್ತಿದ್ದ ಅಣ್ಣು?"

"ಎಲ್ಲ ಸುಡ್ತಿದ್ದ."

"ಇವನು ಒಂದೇ ಸುಟ್ಟಿದ್ದಾನೆ. ಉಳಿದದ್ದನ್ನು ಚೆಲ್ಲಿದ್ದು ನಮ್ಮ ಕಣ್ಣು ಕಟ್ಟಲಿಕ್ಕೆ."

ಅಣ್ಣು ಹಲಗೆ ನೋಡಿದ. "ಆದ್ರೆ ಎಲ್ಲೆ ಅಂತ ಬರೆದದ್ದು? ಗಡಿಯೇ ಇಲ್ಲದಿದ್ರೆ ಇದು ಎಂತ?"

ಶಹನಾಝ್ ಆ ಸಾಲನ್ನು ಮತ್ತೊಮ್ಮೆ ಓದಿದಳು. ಹರ್ಷಿತನ ಮೊಬೈಲ್ ಶುಕ್ರವಾರ ಎಲ್ಲೆಲ್ಲಿತ್ತು ಎಂಬ ವಿವರಕ್ಕೆ ಪತ್ರ ಕಳಿಸಿ ಮನೆಗೆ ಹೋದಳು.

*

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಹನಾಝ್ ಡೈನಾಳ ಮನೆಗೆ ಬಂದಳು. ಹಿಂದಿನ ದಿನ ಡೈನಾ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಈಗ ಅವಳೇ ಮೊದಲು ಕೇಳಿದಳು.

"ಬಿದ್ದ ಕೂಡ್ಲೇ ಹೋದ್ಲಾ?"

ಶಹನಾಝ್ ಕುರ್ಚಿ ಎಳೆದು ಎದುರು ಕೂತಳು.

"ನಾನು ನರ್ಸ್, ಮೇಡಂ. ಸುಳ್ಳು ಹೇಳ್ಬೇಡಿ."

"ಬಿದ್ದ ಮೇಲೆ ಮುಕ್ಕಾಲು ಗಂಟೆಯಾದರೂ ಜೀವ ಇತ್ತು ಅಂತ ಡಾಕ್ಟರ್ ಹೇಳಿದ್ರು. ಏಳರಿಂದ ಎಂಟರ ಒಳಗೆ."

ಡೈನಾ ಕಣ್ಣು ಮುಚ್ಚಿಕೊಂಡಳು. "ಏಳೂವರೆಗೆ ನಾನು ಅದೇ ರಸ್ತೆಯಲ್ಲಿ ಡ್ಯೂಟಿಗೆ ಹೋದೆ. ಆ ಬಾಗಿಲಿನ ಎದುರಿನಿಂದಲೇ."

ಶಹನಾಝ್ ಮೊಬೈಲ್ ಮುಂದೆ ಹಿಡಿದಳು. "ಕುಕ್ಕುಂದೂರಿನಲ್ಲಿ ಅವರಿಗೆ ಏನಾದರೂ ಗಡಿ ತಕರಾರು ಇತ್ತಾ? ಹಲಗೆಯಲ್ಲಿ ಹೀಗೆ ಬರೆದಿದ್ದಾರೆ."

ಡೈನಾ ಓದಿದಳು. ಅಳುವಿನ ನಡುವೆಯೇ ತುಟಿ ಸ್ವಲ್ಪ ಅರಳಿತು.

"ಗಡಿ ಅಲ್ಲ ಮೇಡಂ. ಇದು ತುಳು."

"ಹಾಂ?"

"ಸುಗಂಧಿ ಬರೆಯುವುದೇ ಹಾಗೆ. ವಾರ್ಡಿನಲ್ಲಿ ನಮಗೆ ಬಿಟ್ಟು ಹೋಗುವ ಚೀಟಿ ಎಲ್ಲ ಕನ್ನಡ ಅಕ್ಷರದಲ್ಲಿ ತುಳು. 'ಎಲ್ಲೆ ಡಿಸ್ಚಾರ್ಜ್' ಅಂತ ಬರೆದಿಡ್ತಾ ಇದ್ಲು. ಹೊಸ ಡಾಕ್ಟರ್ ಒಬ್ಬರು ಯಾವ ಎಲ್ಲೆ, ಎಲ್ಲಿಯ ಎಲ್ಲೆ ಅಂತ ಇಡೀ ದಿನ ತಲೆ ಕೆಡಿಸ್ಕೊಂಡಿದ್ರು."

ಶಹನಾಝ್ ಬೆರಳಿನಿಂದ ಹಣೆ ಒತ್ತಿಕೊಂಡಳು. ಎಲ್ಲೆ. ತುಳುವಿನಲ್ಲಿ 'ನಾಳೆ'. ಚಿಕ್ಕಂದಿನಿಂದ ಕಟಪಾಡಿ ಮಾರ್ಕೆಟಿನಲ್ಲಿ ಎಷ್ಟು ಸಾವಿರ ಸಲ ಕೇಳಿದ ಮಾತು. 'ಎಲ್ಲೆ ಬರ್ಪೆ', ನಾಳೆ ಬರ್ತೇನೆ, ಎಂದು ಅವಳೇ ಮೊನ್ನೆ ದರ್ಜಿಗೆ ಹೇಳಿದ್ದಳು. ಆದರೆ ಬರಹದಲ್ಲಿ ಕಂಡಾಗ ಕನ್ನಡವೆಂದೇ ಓದಿದಳು. ಮನೆಯಲ್ಲಿ ತುಳುವನ್ನೇ ಆಡುವ ಅಣ್ಣುವೂ ಹಾಗೇ ಓದಿದ. ಇಲ್ಲಿಯವರೆಲ್ಲ ಹಾಗೆಯೇ: ಆಡುವುದು ಒಂದು, ಓದುವುದು ಇನ್ನೊಂದು. ಕಿವಿಗೆ ಬಿದ್ದರೆ ಸೊಪ್ಪು ಮಾರುವವಳಿಗೂ ತಿಳಿಯುವ ಪದ, ಅಕ್ಷರವಾದ ಕೂಡಲೇ ಕಂದಾಯ ಇಲಾಖೆಯದ್ದಾಗಿಬಿಟ್ಟಿತ್ತು.

ನಾಳೆ, ಕುಕ್ಕುಂದೂರು, 84. ಶುಕ್ರವಾರ ಬರೆದದ್ದು. ಶನಿವಾರ ಸುಗಂಧಿಯಕ್ಕ ಕುಕ್ಕುಂದೂರಿಗೆ ಹೋಗುವವರಿದ್ದರು.

"84 ಎಂತ ಇರಬಹುದು ಡೈನಾ?"

"ಗೊತ್ತಿಲ್ಲ. ಮುಖ್ಯವಾದ ಕಾಗದ ಎಲ್ಲ ಅವಳು ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸುವುದು. ವಾರ್ಡಿನ ಅಭ್ಯಾಸ. ರೋಗಿಯ ಕಡೆಯವರ ಕಣ್ಣಿಗೆ ಬೀಳಬಾರದು ಅಂತ. ಅಲ್ಲಿ ನೋಡಿದ್ದೀರಾ?"

*

ಹತ್ತೂವರೆ. ಕಚೇರಿಯ ಕೋಣೆಯಲ್ಲಿ ಹರ್ಷಿತ್, ವಲೇರಿಯನ್, ಡೈನಾ. ಕೈಕೋಳ ಹಾಕಿದ ಭೋಜ. ಬಾಗಿಲ ಹತ್ತಿರ ಅಣ್ಣು. ಡಿವೈಎಸ್ಪಿ ಸಾಹೇಬರು ಗಡಿಯಾರ ನೋಡುತ್ತ ಕುರ್ಚಿಯಲ್ಲಿ ಕೂತಿದ್ದರು.

"ನಾವು ಈ ಕೋಣೆಗೆ ಬಂದಾಗಲೆಲ್ಲ ಬಾಗಿಲು ತೆರೆದು ಗೋಡೆಗೆ ಒರಗಿರ್ತಿತ್ತು," ಅಂದಳು ಶಹನಾಝ್. "ಅದರ ಹಿಂದೆ ಯಾರೂ ನೋಡ್ಲಿಲ್ಲ. ತಪ್ಪು ನನ್ನದು. ಅಣ್ಣು, ಬಾಗಿಲು ಹಾಕು."

ಬಾಗಿಲ ಹಿಂಬದಿಯ ಮೊಳೆಯಲ್ಲಿ ಒಂದು ಕೊಡೆ. ಕೊಡೆಯ ಹಿಂದೆ ಒಂದು ಪ್ಯಾಡು, ಅದರಲ್ಲಿ ಎರಡು ಹಾಳೆ. ಒಂದರ ಮೇಲೆ 'ಕುಕ್ಕುಂದೂರು – ಹೊಸ ಪಟ್ಟಿ' ಎಂದಿತ್ತು. ಕೆಳಗೆ ಒಂದೇ ಹೆಸರು, ಒಂದೇ ಸಹಿ. ಭೋಜನದ್ದು. ಪಕ್ಕದಲ್ಲಿ ನರ್ಸಿನ ಕೈಬರಹದಲ್ಲಿ ತಾರೀಕು, ಸಮಯ: 18.40.

ಸಾಹೇಬರು ಎದ್ದು ನಿಂತು ಓದಿದರು. ಆಮೇಲೆ ಭೋಜನ ಕಡೆ ನೋಡದೆ ಕೂತರು.

"ಎರಡನೆಯ ಹಾಳೆಯಲ್ಲಿ ಎಂಬತ್ತನಾಲ್ಕು ಹೆಸರು ಉಂಟು," ಶಹನಾಝ್ ತುಳುವಿನ ಸಾಲುಗಳನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದಳು. "ಒಂದೊಂದರ ಮುಂದೆಯೂ ಟಿಪ್ಪಣಿ. 'ತೀರಿಕೊಂಡು ಎರಡು ವರ್ಷ.' 'ನನ್ನ ವಾರ್ಡಿನಲ್ಲೇ ತೀರಿಕೊಂಡರು, ನಾನೇ ಕಣ್ಣು ಮುಚ್ಚಿದ್ದು.' 'ಈಕೆಗೆ ಅಕ್ಷರ ಬಾರದು, ಹೆಬ್ಬೆಟ್ಟು ಒತ್ತುವವಳು, ಇಲ್ಲಿ ಸಹಿ ಉಂಟು.' ಕೊನೆಯಲ್ಲಿ: 'ಹರ್ಷಿತನನ್ನು ಇವತ್ತೇ ಕರೆದು ಕೇಳಬೇಕು.' ಹಲಗೆಯಲ್ಲಿ ಬರೆದದ್ದು ಇದೇ 84. ಶನಿವಾರ ಆ ಮನೆಗಳಿಗೆಲ್ಲ ಹೋಗಿ, ಕ್ಷಮೆ ಕೇಳಿ, ಹೊಸದಾಗಿ ಸಹಿ ತೆಗೆಯುವವರಿದ್ದರು."

ಹರ್ಷಿತನ ಮುಖದ ಬಣ್ಣ ಇಳಿಯಿತು. "ಯಾರೋ ಹುಡುಗರು ಮಾಡಿರಬಹುದು ಮೇಡಂ. ನನಗೆ..."

"ಕುಕ್ಕುಂದೂರು ನಿಮ್ಮ ಜವಾಬ್ದಾರಿ. ಅಲ್ಲಿ ಯಾವ ಮನೆಗೂ ಯಾರೂ ಹೋಗಿಲ್ಲ. ಹಳೆಯ ಮತದಾರರ ಪಟ್ಟಿ ಮುಂದೆ ಇಟ್ಕೊಂಡು ಸಾವಿರದ ಒಂಬೈನೂರು ಹೆಸರು ಬರೆದಿರಿ. ಪಟ್ಟಿಯಲ್ಲಿ ಸತ್ತವರೂ ಇರ್ತಾರೆ ಅಂತ ನೆನಪಾಗ್ಲಿಲ್ಲ. ಆ ಕಟ್ಟಿಗೆ ಮಾತ್ರ ಝೆರಾಕ್ಸ್ ಇಲ್ಲ. ಸುಟ್ಟದ್ದೂ ಅದೊಂದೇ. ನಿಮ್ಮ ಮೊಬೈಲ್ ಶುಕ್ರವಾರ ಏಳು ಮುಕ್ಕಾಲಿನವರೆಗೆ ಪರ್ಕಳದಲ್ಲೇ ಇತ್ತು. ಆರು ಐವತ್ತಕ್ಕೆ ಸುಗಂಧಿಯಕ್ಕ ನಿಮಗೆ ಫೋನ್ ಮಾಡಿದ್ದಾರೆ."

"ಅವರಿಗೆ ಗಡಿ ತಕರಾರು..."

"ಅದನ್ನು ಓದಿ. ಜೋರಾಗಿ ಓದಿ."

ಹರ್ಷಿತ್ ಹಲಗೆಯ ಕಡೆ ತಿರುಗಿದ. "ಎಲ್ಲೆ..."

ಅವನ ಬಾಯಿ ಅಲ್ಲೇ ನಿಂತಿತು. ತನ್ನ ಬಾಯಿಂದ ಬಂದ ಪದ ಅವನ ಕಿವಿಗೆ ಆಗಷ್ಟೇ ಬಿದ್ದಿತ್ತು. ಹುಟ್ಟಿದಂದಿನಿಂದ ಆಡಿದ ಪದ.

"ಅಷ್ಟೆಲ್ಲ ಸುಟ್ಟಿರಿ, ಇದನ್ನು ಅಳಿಸ್ಲಿಲ್ಲ," ಅಂದಳು ಶಹನಾಝ್. "ನಾವು ಓದಿದ ಹಾಗೆಯೇ ಓದಿದಿರಿ. ಒಳ್ಳೆಯದೇ ಆಯಿತು, ಸಂಶಯ ಇನ್ನೊಬ್ಬರ ಮೇಲೆ ಹೋಗ್ತದೆ ಅಂತ ಬಿಟ್ಟಿರಿ."

ಹರ್ಷಿತ್ ನೆಲದ ಮೇಲೆ ಕೂತ. ಮಾತು ತುಂಡು ತುಂಡಾಗಿ ಹೊರಬಿತ್ತು.

"ನಾನು ತಳ್ಳಲಿಲ್ಲ. ಕಟ್ಟು ಹಿಡ್ಕೊಂಡು ಹೊರಟ್ರು. ಕೊಡಿ ಅಕ್ಕ ಅಂತ ಎಳೆದೆ. ಅವರ ಕೈ ತಪ್ಪಿತು... ನನ್ನ ಊರಿನದ್ದೇ ಸಹಿ ಕಡಿಮೆ ಅಂದ್ರೆ ಯಾರು ನನ್ನನ್ನು ಲೀಡರ್ ಅಂತಾರೆ? ಸಹಿಯನ್ನು ಎಣಿಸ್ತಾರೆ ಮೇಡಂ, ಯಾರೂ ಓದುವುದಿಲ್ಲ. ಇವರು ಕೂತು ಓದಿದ್ರು. ಸಭೆಯಲ್ಲೇ ಹೇಳ್ತೇನೆ ಅಂದ್ರು. ಸತ್ತವರ ಸಹಿ ಇಟ್ಕೊಂಡು ರೈಲು ಕೇಳ್ಲಿಕ್ಕೆ ನನಗೆ ಆಗುವುದಿಲ್ಲ ಅಂದ್ರು."

ಡೈನಾ ಅವನ ಎದುರು ಬಂದು ಕೂತಳು. ಸ್ವರ ಏರಲಿಲ್ಲ.

"ಅವಳಿಗೆ ಎಚ್ಚರ ಇತ್ತಾ?"

ಅವನು ತಲೆ ಎತ್ತಲಿಲ್ಲ.

"ಇತ್ತಾ ಹರ್ಷಿತ್?"

"ಕಣ್ಣು ತೆರೆದಿತ್ತು. ಆಂಬ್ಯುಲೆನ್ಸ್ ಅಂದ್ರು. ಎರಡು ಸಲ."

ಇಲ್ಲಿಂದ ಆಸ್ಪತ್ರೆಗೆ ಹತ್ತು ನಿಮಿಷ. ಸುಗಂಧಿ ಮೂವತ್ತೊಂದು ವರ್ಷ ದುಡಿದ ಆಸ್ಪತ್ರೆ ಅದು. ಆ ಮುಕ್ಕಾಲು ಗಂಟೆಯಲ್ಲಿ ಇವನು ಮೇಲೆ ಕೂತು ಒಂದೊಂದೇ ಹಾಳೆ ಹರಿದು ಬಕೆಟಿಗೆ ಹಾಕುತ್ತಿದ್ದ. ಆಮೇಲೆ ಅವರನ್ನು ದಾಟಿ ಕೆಳಗಿಳಿದು, ಬಾಗಿಲು ಎಳೆದುಕೊಂಡು, ಕಾಪುವಿಗೆ ಹೋಗಿ ರೈಲಿನ ಬಗ್ಗೆ ಭಾಷಣ ಮಾಡಿದ. ಶಹನಾಝ್‌ಗೆ ಆರು ವರ್ಷದ ಸರ್ವಿಸಿನಲ್ಲಿ ಒಬ್ಬ ಆರೋಪಿಗೆ ಕೈ ಮಾಡಬೇಕೆಂದು ಅನ್ನಿಸಿದ್ದು ಅದೇ ಮೊದಲು. ಕೈ ಕಟ್ಟಿ ನಿಂತಳು.

"ಉಳಿದ ಆರು ಕಟ್ಟು ನಾವು ಎಣಿಸಿದೆವು," ಅಂದಳು ಕೊನೆಗೆ. "ಇಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು. ಬೇಕಾಗಿದ್ದದ್ದು ಇಪ್ಪತ್ತು ಸಾವಿರ. ನಿಮ್ಮ ಒಂದು ಸಹಿಯೂ ಬೇಕಾಗಿರಲಿಲ್ಲ."

*

ಸೋಮವಾರ ಅಹವಾಲು ಸಭೆ ನಡೆಯಲಿಲ್ಲ. ಸಹಿಗಳಲ್ಲಿ ನಕಲಿ ಇದ್ದವೆಂಬ ಸುದ್ದಿ ಬೆಳಗಾಗುವುದರೊಳಗೆ ಎಲ್ಲ ಕಡೆ ಹರಡಿತ್ತು. ಒಂದು ಕಟ್ಟು ಸುಳ್ಳಾದರೆ ಉಳಿದದ್ದು ನಿಜ ಎನ್ನುವುದಕ್ಕೆ ಏನು ಆಧಾರ ಎಂದು ಮೇಲಿನವರು ಕೇಳಿದರು. ಆರು ಕಟ್ಟುಗಳೂ ನ್ಯಾಯಾಲಯದ ಸೊತ್ತಾಗಿ ಠಾಣೆಯ ಕಪಾಟು ಸೇರಿದವು.

ಬಿಡುಗಡೆಯ ಕಾಗದಕ್ಕೆ ರುಜು ಹಾಕಲು ಬಂದ ಭೋಜ ಸ್ವಲ್ಪ ಹೊತ್ತು ಅಲ್ಲೇ ನಿಂತ.

"ಮೇಡಂ, ನನ್ನ ಸಹಿ?"

"ಅದು ಸಾಕ್ಷ್ಯ ಭೋಜಣ್ಣ. ಕೇಸು ಮುಗಿಯದೆ ಹೊರಗೆ ಕೊಡ್ಲಿಕ್ಕೆ ಆಗುವುದಿಲ್ಲ."

"ಯಾವಾಗ ಮುಗೀತದೆ?"

ಅವಳು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ," ಅಂದಳು. ಭೋಜ ತಲೆಯಾಡಿಸಿ ಹೊರಟ.

ಮಂಗಳವಾರ ಬೆಳಿಗ್ಗೆ ಅವಳು ಜೀಪಿನಲ್ಲಿ ಪರ್ಕಳ ದಾಟುವಾಗ ಸ್ಟಾಪಿನಲ್ಲಿ ಮಾಮೂಲಿನಷ್ಟೇ ಜನ ಇದ್ದರು. ಶನಿವಾರ ಕಲ್ಲು ಹಿಡಿದಿದ್ದ ಕೆಲವು ಮುಖಗಳು ಅವಳಿಗೆ ಗುರುತು ಸಿಕ್ಕವು. ಕಾರ್ಕಳದ ಕಡೆಯಿಂದ ಭೋಜನ ಬಸ್ ಬಂತು. ಒಡೆದ ಎರಡು ಕಿಟಕಿಗೆ ರಟ್ಟು ಕಟ್ಟಿದ್ದ. ಹಣೆಯಲ್ಲಿ ಬಿಳಿ ಪಟ್ಟಿ. ಬಸ್ ಒಳಗೆ ಆಗಲೇ ಭರ್ತಿ.

ಒಂದು ಕ್ಷಣ ಯಾರೂ ಕದಲಲಿಲ್ಲ. ಹಿಂದೆ ಬೇರೆ ಬಸ್ ಬರುತ್ತದೆಯೇ ಎಂದು ರಸ್ತೆಯ ಕಡೆ ನೋಡಿದರು. ಬರಲಿಲ್ಲ. ಕೆಲಸಕ್ಕೆ ಹೊತ್ತಾಗುತ್ತಿತ್ತು. ಮೊದಲು ಒಬ್ಬ ತಲೆ ತಗ್ಗಿಸಿಕೊಂಡು ಹತ್ತಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ ನುಗ್ಗಿ, ಒಬ್ಬರ ಮೇಲೊಬ್ಬರು ಬಿದ್ದು, ಕಂಬಿ ಹಿಡಿದು ನಿಂತರು. ಯಾರೂ ಭೋಜನ ಜೊತೆ ಮಾತಾಡಲಿಲ್ಲ. ಭೋಜನೂ ಹಿಂದೆ ತಿರುಗಿ ನೋಡಲಿಲ್ಲ. ಮೆಟ್ಟಿಲಲ್ಲಿ ಜೋತುಬಿದ್ದವನು ಸರಿಯಾಗಿ ಕಾಲೂರುವವರೆಗೆ ಕಾದು, ಗೇರು ಹಾಕಿ, ಮಣಿಪಾಲದ ಕಡೆ ಹೊರಟ.